ಐಬು ಹೇಳುವ ತುಳಜಾರಾಮ

ನಮ್ಮ ರಾಜೇಶ್ವರದಲ್ಲಿ ದನದ ದಲಾಲಿಗಳನ್ನು ಯಾರೂ ನಂಬುವುದಿಲ್ಲ. ನಂಬಲೂಬಾರದು. ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಹಚ್ಚಿ, ಹರೆಯದ ಹೋರಿ ಎಂದು ಮಾರುವ ಜನ ಅವರು. ಅಂಥವರ ನಡುವೆ ತುಳಜಾರಾಮನೊಬ್ಬನ ಮಾತಿಗೆ ಹುಮನಾಬಾದಿನ ಸಂತೆಯಿಂದ ಬಸವಕಲ್ಯಾಣದವರೆಗೆ ಬೆಲೆ ಇತ್ತು. ಇತ್ತು ಎಂದೇ ಬರೆಯುತ್ತಿದ್ದೇನೆ. ನಾನು ಹಿಟ್ಟಿನ ಗಿರಣಿ ಇಟ್ಟವನು; ಜೋಳ ಬೀಸಿಸಲು ಬಂದವರ ಮಾತು ಕೇಳುತ್ತ ಕೂರುವುದೇ ನನ್ನ ಅರ್ಧ ಕೆಲಸ. ಆದರೆ ಈ ಕಥೆಯನ್ನು ನನಗೆ ಹೇಳಿದವನು ತುಳಜಾರಾಮನೇ. ಈಗ ಯಾರಾದರೂ ಅವನನ್ನು ಹೊಗಳಿದರೆ ಸಾಕು, ಅವರ ಕೈ ಹಿಡಿದು ಕೂರಿಸಿ ಇದನ್ನು ಪೂರ್ತಿ ಹೇಳಿಬಿಡುತ್ತಾನೆ.

ದನದ ವ್ಯಾಪಾರದ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ದಲಾಲಿಯೂ ಕೈಗೆ ಕೈ ಕೊಟ್ಟು, ಮೇಲೆ ಟವೆಲ್ ಮುಚ್ಚಿ, ಬೆರಳು ಒತ್ತಿ ಬೆಲೆ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಟವೆಲ್ ಹಾಕುವ ಮೊದಲು ಕೊಳ್ಳುವವನು ಐಬು ಕೇಳಬೇಕು. ಐಬು ಎಂದರೆ ದೋಷ. ಒದೆಯುತ್ತದೆಯೋ, ಹಾಯುತ್ತದೆಯೋ, ನೊಗ ಇಟ್ಟ ಕೂಡಲೇ ಮಲಗಿಬಿಡುತ್ತದೆಯೋ. ಮೂರು ಸಲ ಕೇಳಿದರೂ ಮಾರುವವನು ಸುಮ್ಮನಿದ್ದರೆ ಐಬಿಲ್ಲವೆಂದು ಆಣೆ ಮಾಡಿದ ಹಾಗೆ. ಆಮೇಲೆ ಐಬು ಕಂಡರೆ ದನವನ್ನು ಹೊಡೆದುಕೊಂಡು ಬಂದು ಅವನ ಅಂಗಳದಲ್ಲಿ ಕಟ್ಟಬಹುದು, ಅವನು ತುಟಿ ಪಿಟಕ್ಕೆನ್ನಬಾರದು. ಎಲ್ಲರೂ ಹೀಗೆ ನಡೆಯುತ್ತಾರೆ ಎಂದೇನಲ್ಲ. ತುಳಜಾರಾಮ ನಡೆಯುತ್ತಿದ್ದ. ಕೇಳುವ ಮೊದಲೇ ಹೇಳುತ್ತಿದ್ದ.

"ಎಡಗಡಿ ಎತ್ತಿಗಿ ಗುಡುಗ ಅಂದ್ರ ಅಂಜಿಕಿ ಅದ. ಗಾಡಿ ಸಮೇತ ಓಡ್ತದ. ನೋಡಕೊಂಡು ತಗೊ."

ಹೀಗೆ ಹೇಳಿ ಹೇಳಿ ಅವನ ಎಷ್ಟೋ ವ್ಯಾಪಾರ ಮುರಿದಿವೆ. "ನಮ್ಮ ಮನ್ಯಾಗ ಐಬು ಹೇಳಿ ಹೇಳೇ ರೊಟ್ಟಿ ಸಣ್ಣ ಆಗ್ಯಾವ" ಎಂದು ಅವನ ಹೆಂಡತಿ ಕೇಶರಬಾಯಿ ಗಿರಣಿಗೆ ಬಂದಾಗಲೆಲ್ಲ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳುವಾಗ ಅವಳ ಮುಖದಲ್ಲಿ ಹೆಮ್ಮೆ ಇರುತ್ತಿತ್ತು.

ಮೋರಖಂಡಿಯ ಸಂಘಪಾಲನ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಬಹಳ ಹಿಂದೆ ಆ ದಲಿತ ಬೌದ್ಧ ಮನೆಯವನು ಮೊದಲ ಸಲ ಸ್ವಂತಕ್ಕೆ ಎತ್ತು ಕೊಳ್ಳಲು ಸಂತೆಗೆ ಬಂದಾಗ, ಉಳಿದ ದಲಾಲಿಗಳಿಗೆ ಅವನ ಕೈ ಮುಟ್ಟುವ ಮನಸ್ಸಿರಲಿಲ್ಲ. ಬೆಲೆಯನ್ನು ದೂರದಿಂದಲೇ ಕೂಗಿದರು. ಕೂಗಿದ ಬೆಲೆ ಯಾವಾಗಲೂ ಹೆಚ್ಚೇ ಇರುತ್ತದೆ. ತುಳಜಾರಾಮ ಟವೆಲ್ ಬಿಚ್ಚಿ ಅವನ ಕೈ ಹಿಡಿದ. ಇದು ದೊಡ್ಡ ಉಪಕಾರವೇನಲ್ಲ; ಹಿಡಿಯದವರು ಸಣ್ಣವರು, ಅಷ್ಟೇ. ಆದರೂ ಸಂಘಪಾಲ ಸಾಯುವವರೆಗೆ ಅದನ್ನು ಹೇಳಿದ. ಅವನ ಹಿರಿಯ ಮಗ ಉತ್ತಮ ಅದನ್ನು ಕೇಳುತ್ತಲೇ ಬೆಳೆದ.

ಕಾಲ ಬದಲಾಯಿತು. ಟ್ರ್ಯಾಕ್ಟರು ಬಂದವು, ಸಂತೆಯಲ್ಲಿ ಎತ್ತುಗಳ ಸಾಲು ಮೊಟಕಾಯಿತು. ತುಳಜಾರಾಮನನ್ನು ಕರೆಯುವವರು ಕಡಿಮೆಯಾದರು. ಕೇಶರಬಾಯಿಗೆ ಮೊಣಕಾಲು ನೋವು ಹಿಡಿದು ಬಸ್ಸು ಹತ್ತುವುದೇ ಕಷ್ಟವಾದಾಗ, ಮಗ ದಿಲೀಪ ಒಂದು ಹಳೆಯ ಕಾರು ನೋಡೋಣ ಎಂದ. ಹುಮನಾಬಾದಿನ ಆಚೆ, ಹೆದ್ದಾರಿ ಬದಿಯ ಬಯಲಿನಲ್ಲಿ ಒಂದು ಫೈನಾನ್ಸಿನವರು ಕಂತು ಕಟ್ಟದವರಿಂದ ಎಳೆದು ತಂದ ಗಾಡಿಗಳನ್ನು ಹರಾಜು ಹಾಕುತ್ತಾರೆಂದು ಯಾರೋ ಹೇಳಿದ್ದರು. ತಿಳಿದ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗೋಣ ಎಂದೂ ದಿಲೀಪ ಹೇಳಿದ. ತುಳಜಾರಾಮನಿಗೆ ಸಿಟ್ಟು ಬಂತು.

"ಮೂಕ ಜನಾವರದ ಹೊಟ್ಟ್ಯಾಗಿನ ಬ್ಯಾನಿ ಹೇಳ್ತೀನಿ ನಾ. ಈ ತಗಡಿನ ಡಬ್ಬಿಗಿ ಮತ್ತೊಬ್ಬನ ಕಣ್ಣ ಬೇಕೇನು?"

ದಿಲೀಪ ಮೆಕ್ಯಾನಿಕ್ಕಿನ ಮಾತು ಬಿಟ್ಟ. ಅಪ್ಪನ ಕಣ್ಣಿನ ಮೇಲೆ ಅವನಿಗೂ ನಂಬಿಕೆ ಇತ್ತು.

ಹರಾಜಿನ ಬಯಲಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಮುಂದಿನ ಗಾಜಿನ ಮೇಲೆ ಸುಣ್ಣದಲ್ಲಿ ನಂಬರು, ಮೈಮೇಲೆ ಧೂಳು. ಬಾಗಿಲು ತೆಗೆದು ನೋಡಬಹುದು, ಬೇಕೆಂದರೆ ನಿಂತಲ್ಲೇ ಚಾಲೂ ಮಾಡಿ ತೋರಿಸುತ್ತಾರೆ, ಓಡಿಸಿ ನೋಡುವಂತಿಲ್ಲ. ನೊಗ ಹೂಡದೆ ಎತ್ತು ಕೊಂಡಂತೆ ಇದು, ಆದರೆ ತುಳಜಾರಾಮನಿಗೆ ಆ ಹೊತ್ತಿನಲ್ಲಿ ಹಾಗನ್ನಿಸಲಿಲ್ಲ. ಸೊಲ್ಲಾಪುರದ ಕಡೆಯ ವ್ಯಾಪಾರಿಗಳು ಕಾರಿನ ಅಡಿಗೆ ಬ್ಯಾಟರಿ ಬಿಟ್ಟು ನೋಡುತ್ತಿದ್ದರು. ಇವನು ಬೂದು ಬಣ್ಣದ ಒಂದು ಕಾರನ್ನು ಸುತ್ತು ಹಾಕಿದ, ಗಾಲಿಗಳನ್ನು ಗೊರಸು ನೋಡುವ ಹಾಗೆ ಬಗ್ಗಿ ನೋಡಿದ, ಸೀಟಿನ ಮೇಲೆ ಅಂಗೈ ಸವರಿದ. ಸೀಟಿನ ಹೊದಿಕೆ ಹೊಚ್ಚ ಹೊಸದು. ಒಳಗೆ ಅತ್ತರಿನ ವಾಸನೆ ಗಮ್ಮೆನ್ನುತ್ತಿತ್ತು. ಸಂತೆಯಲ್ಲಾದರೆ ಹೊಸ ಜೂಲು ಹೊದಿಸಿದ ಎತ್ತನ್ನು ಕಂಡ ಕೂಡಲೇ ಜೂಲು ಎತ್ತಿ ಬೆನ್ನಿನ ಹುಣ್ಣು ಹುಡುಕುವ ಮನುಷ್ಯ, ಇಲ್ಲಿ ಅತ್ತರು ಮೂಸಿ, ಗಾಡಿ ಇಟ್ಟುಕೊಂಡಿದ್ದವನು ಶೋಕಿಲಾಲ ಇರಬೇಕು ಎಂದು ಮೆಚ್ಚಿಕೊಂಡ.

ಟೋಕನ್ ಕೊಡುವ ಹುಡುಗನ ಎದುರು ಹೋಗಿ ನಿಂತು ಕೇಳಿದ.

"ಇದರ ಐಬು ಏನದ ಹೇಳ್ರಿ."

ಹುಡುಗನ ಕಿವಿಯಲ್ಲಿ ಫೋನಿನ ವೈರು ಇತ್ತು. ಅವನು ತಲೆ ಎತ್ತಲಿಲ್ಲ. ತುಳಜಾರಾಮ ಎರಡನೆಯ ಸಲ ಕೇಳಿದ, ದನಿ ಏರಿಸಿ ಮೂರನೆಯ ಸಲವೂ ಕೇಳಿದ. ಹುಡುಗ ಸಹಿ ಹಾಕುವ ಕಾಗದವನ್ನು ಮುಂದೆ ತಳ್ಳಿದ, ಬಾಯಿ ಬಿಡಲಿಲ್ಲ. ತುಳಜಾರಾಮ ಮಗನ ಕಡೆ ತಿರುಗಿ ತೃಪ್ತಿಯಿಂದ ತಲೆಯಾಡಿಸಿದ. ಮೂರು ಸಲ ಕೇಳಿ ಆಗಿತ್ತು, ಎದುರಿನವನು ಸುಮ್ಮನಿದ್ದ. ಅವನ ಲೆಕ್ಕದಲ್ಲಿ ಆಣೆ ಆಗಿಹೋಗಿತ್ತು. ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂದು ಅಪ್ಪನೂ ಕೇಳಲಿಲ್ಲ, ಮಗನೂ ಓದಲಿಲ್ಲ.

ಕಾರು ಮನೆಗೆ ಬಂತು. ಕೇಶರಬಾಯಿ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಕೆಲವು ದಿನ ಚೆನ್ನಾಗಿಯೇ ಓಡಿತು. ಆಮೇಲೊಂದು ದಿನ ಸಸ್ತಾಪುರ ಬಂಗ್ಲಾದ ಹತ್ತಿರ ಓಡುತ್ತಿದ್ದ ಗಾಡಿ ತಟ್ಟನೆ ಬಂದ್ ಬಿತ್ತು. ಸ್ಟೇರಿಂಗ್ ಕಲ್ಲಾಯಿತು, ಬ್ರೇಕು ಮರದ ಹಲಗೆಯಂತೆ ಗಟ್ಟಿಯಾಯಿತು. ಹೇಗೋ ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಬಸವಕಲ್ಯಾಣದ ಮೆಕ್ಯಾನಿಕ್ ಅಜೀಮುದ್ದೀನ್ ಕಾಲಡಿಯ ಹಾಸನ್ನು ಕಿತ್ತು ತೋರಿಸಿದ. ಕೆಳಗೆ ಒಣಗಿದ ಕೆಸರು, ಹೊಳೆಯ ದಂಡೆಯ ಮಣ್ಣಿನಂಥದು, ಪದರು ಪದರಾಗಿ ಕೂತಿತ್ತು.

"ಇದು ನೀರಾಗ ಮುಳಗಿದ್ದ ಗಾಡಿ ಅದ ಕಾಕಾ" ಎಂದ ಅಜೀಮುದ್ದೀನ್. "ಎಲ್ಲಿ ಹೊಳಿಗಿ ಪೂರ ಬಂದಿತ್ತೋ ಏನೋ. ವೈರಿಂಗ್ ಒಳಗಿಂದ ಕೊಳ್ಯಾಕತ್ತದ. ಇವತ್ತ ಚಾಲೂ ಮಾಡಿ ಕೊಡ್ತೀನಿ, ಆದ್ರ ಮತ್ತ ಎಲ್ಲಿ ನಿಲ್ತದ ಅಂತ ಹೇಳಾಕ ಬರಲ್ಲ. ಹೆಣ್ಮಕ್ಕಳನ್ನ ಕೂಡಿಸಿಕೊಂಡು ದೂರ ಹೋಗಬ್ಯಾಡ್ರಿ."

ತುಳಜಾರಾಮ ಗಾಬರಿಯಾಗಲಿಲ್ಲ. ಐಬು ಕಂಡಿತಲ್ಲ, ವಾಪಸ್ ಹೊಡೆದುಕೊಂಡು ಹೋದರಾಯಿತು. ನೇರವಾಗಿ ಹರಾಜಿನ ಬಯಲಿಗೆ ಹೋಗಿ ಕಾರು ನಿಲ್ಲಿಸಿ, ಕೀಲಿಯನ್ನು ಮೇಜಿನ ಮೇಲೆ ಇಟ್ಟ. ಅದೇ ಹುಡುಗ ಈಗ ಕಿವಿಯ ವೈರು ತೆಗೆದು ಸಮಾಧಾನದಿಂದಲೇ ಹೇಳಿದ.

"ಇದು ಹರಾಜ ಅದ ಕಾಕಾ. ಇದ್ದದ್ದ ಇದ್ದಂಗ ತಗೋಬೇಕು. ವಾಪಸ್ ಇಲ್ಲಂತ ಬರದ ಕಾಗದಕ್ಕ ನೀವೇ ಸಹಿ ಮಾಡೀರಿ."

"ನಾ ಮೂರ ಸಲ ಐಬು ಕೇಳಿನಿ. ನೀ ಸುಮ್ಮ ಇದ್ದಿ."

"ಐಬು ಅಂದ್ರ?"

ಹುಡುಗ ಗೇಲಿ ಮಾಡಿರಲಿಲ್ಲ, ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ಹಿಂದೆ ನಿಂತಿದ್ದ ವ್ಯಾಪಾರಿಗಳಲ್ಲಿ ಯಾರೋ ಕಿಸಕ್ಕೆಂದರು. ಅರವತ್ತು ದಾಟಿದ ಮನುಷ್ಯ ಮೇಜಿನ ಮೇಲಿನ ಕೀಲಿಯನ್ನು ಮತ್ತೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಸಂತೆಯಲ್ಲಿ ಎಷ್ಟು ಜನ ಪೆದ್ದರನ್ನು ಕಂಡು ತಾನು ಮನಸ್ಸಿನಲ್ಲೇ ನಕ್ಕಿದ್ದೇನೋ ಅವರೆಲ್ಲ ಒಟ್ಟಿಗೆ ನೆನಪಾದರು ಎಂದು ನನ್ನೆದುರು ಹೇಳಿದ.

ಗೇಟಿನ ಹೊರಗೆ ಕೊಡಂಬಲದ ಸಿದ್ದಪ್ಪ ಸಿಕ್ಕ. ಅವನೂ ಸಂತೆಯ ಮನುಷ್ಯ, ಬಾಯಿ ಎಂದರೆ ಡಂಗುರ. ಕಾರನ್ನು ಮೇಲೆ ಕೆಳಗೆ ನೋಡಿ, "ಹರಾಜನ್ಯಾಗ ಹಿಡದ್ದು ಇದೇ ಏನ್ರಿ? ಹ್ಯಾಂಗ ಅದ?" ಎಂದು ಕೇಳಿದ.

ಒಂದೇ ಮಾತು ಸಾಕಿತ್ತು. ಮೋಸ ಹೋದೆನಪ್ಪ ಎಂದಿದ್ದರೆ ಸಿದ್ದಪ್ಪ ನಾಲ್ಕು ಸಂತೆ ನಗುತ್ತಿದ್ದ, ಐದನೆಯದಕ್ಕೆ ಮರೆಯುತ್ತಿದ್ದ. ತುಳಜಾರಾಮನಿಗೆ ಆ ನಾಲ್ಕು ಸಂತೆ ಕಣ್ಣಮುಂದೆ ಬಂದವು.

"ಹುಲಿ ಹಂಗ ಅದ" ಎಂದುಬಿಟ್ಟ.

ಸಿದ್ದಪ್ಪ ಇಂಥ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವನಲ್ಲ. ವಾರ ಕಳೆಯುವಷ್ಟರಲ್ಲಿ ತುಳಜಾರಾಮ ಹರಾಜಿನಲ್ಲಿ ಹುಲಿ ಹೊಡೆದ ಸುದ್ದಿ ಸಂತೆಯೆಲ್ಲ ತಿರುಗಿತು. ಇತ್ತ ಕಾರು ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿತ್ತು. ಯಾಕೆ ಹೊರಗೆ ತೆಗೆಯುವುದಿಲ್ಲ ಎಂದು ನಾನೇ ಒಮ್ಮೆ ಕೇಳಿದೆ. ಬಿಸಿಲಿಗೆ ಬಣ್ಣ ಹಾಳಾಗುತ್ತದೆ ಎಂದ. ಇದ್ದರೂ ಇರಬಹುದು ಎಂದುಕೊಂಡು ನಾನು ಹಿಟ್ಟು ತೂಗಿದೆ.

ಆ ಸುದ್ದಿಯ ಬೆನ್ನು ಹತ್ತಿಯೇ ಮೋರಖಂಡಿಯ ಉತ್ತಮ ಬಂದ, ಮೋಟಾರ್ ಸೈಕಲ್ ಮೇಲೆ, ಹಿಂದೆ ಹೆಂಡತಿ ದ್ರೌಪತಿಯನ್ನು ಕೂರಿಸಿಕೊಂಡು. ದ್ರೌಪತಿ ಊರಿನ ಆಶಾ ಕಾರ್ಯಕರ್ತೆ, ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸುವುದು ಅವಳ ಕೆಲಸ. ಈಗ ಸ್ವಂತ ಮಗಳು ರತ್ನಮಾಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮನೆಯಲ್ಲೊಂದು ಗಾಡಿ ಇದ್ದರೆ ಮಗಳಿಗೂ ಆಯಿತು, ಊರಿನ ಹೆಣ್ಣುಮಕ್ಕಳಿಗೂ ಆಯಿತು ಎಂದು ಗಂಡ ಹೆಂಡತಿ ಬಹಳ ದಿನದಿಂದ ಹುಡುಕುತ್ತಿದ್ದರು. ನಿಮ್ಮ ಕಾರು ಮಾರುವುದಿದ್ದರೆ ನಮಗೇ ಕೊಡಿ ಎಂದು ಉತ್ತಮ ಕೇಳಿದ.

ದಿಲೀಪನ ಮುಖ ಅರಳಿತು. ಅವನು ಹೊದಿಕೆ ತೆಗೆದು, ಕಾರು ಚಾಲೂ ಮಾಡಿ ತೋರಿಸಿದ. ಅಜೀಮುದ್ದೀನ್ ರಿಪೇರಿ ಮಾಡಿದ್ದರಿಂದ ಅದು ಒಂದೇ ಸಲಕ್ಕೆ ಎದ್ದಿತು. ದ್ರೌಪತಿ ಸೀಟಿನ ಮೇಲೆ ಕೂತು ನೋಡಿ ಇಳಿದಳು. ಆಮೇಲೆ ಗಂಡನಿಗೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ಐಬು ಏನರ ಅದ ಏನ್ ಕೇಳ್ರಿ."

ಉತ್ತಮ ಅವಳ ಮೇಲೆ ರೇಗಿದ. "ತುಳಜಾರಾಮ ಕಾಕಾಗ ಐಬು ಕೇಳ್ತಾರೇನ? ಇದ್ದಿದ್ರ ಬಾಗಲಾಗ ನಿಂತಾಗೇ ಹೇಳ್ತಿದ್ರು. ನಮ್ಮಪ್ಪ ಏನ್ ಹೇಳ್ಯಾನ ಮರತ್ಯೇನ?"

ತುಳಜಾರಾಮ ಬಾಯಿ ತೆರೆದ. ತೆರೆದದ್ದು ನಿಜ, ಕೇಶರಬಾಯಿ ನೋಡಿದ್ದಾಳೆ. ಅವಳು ಚಹಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಾರು ಮುಳುಗಿದ್ದು ಎಂದರೆ ಹುಲಿ ಎಂದದ್ದು ಸುಳ್ಳಾಗಬೇಕು. ಹರಾಜಿನ ಮೇಜಿನಿಂದ ಕೀಲಿ ಎತ್ತಿಕೊಂಡು ಬಂದದ್ದು, ಹಿಂದೆ ನಿಂತವರು ನಕ್ಕದ್ದು ಎಲ್ಲವೂ ಹೊರಗೆ ಬರಬೇಕು. ಅದೂ ಯಾರ ಎದುರು? ತನ್ನನ್ನು ಅಪ್ಪನ ಸಮ ಎಂದುಕೊಂಡವನ ಎದುರು. ದುಡ್ಡಿನ ಆಸೆ ಅವನಿಗೆ ಇರಲಿಲ್ಲ, ಇದನ್ನು ನಾನು ನಂಬುತ್ತೇನೆ. ಆಸೆಗೆ ಬಿದ್ದು ಮಾಡುವ ತಪ್ಪಿಗಾದರೂ ಒಂದು ಲೆಕ್ಕ ಇರುತ್ತದೆ. ಇವನು ಮಾನಕ್ಕೆ ಅಂಜಿದ, ಮಾನವನ್ನೇ ಕಳೆದುಕೊಂಡ. ಈಗ ಒಯ್ಯಲಿ, ಸಂಜೆಗೆ ಫೋನ್ ಮಾಡಿ ಹೇಳಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಉತ್ತಮ ಕೈ ಚಾಚಿದ್ದ. ತುಳಜಾರಾಮ ಟವೆಲ್ ಹಾಕಿ ಆ ಕೈ ಹಿಡಿದ. ಎಷ್ಟಕ್ಕೆ ಕುದುರಿತೋ ಅವರಿಬ್ಬರಿಗೇ ಗೊತ್ತು.

ಕಾರು ಹೋದ ಮೇಲೆ ಕೇಶರಬಾಯಿ ಗಂಡನ ಎದುರು ಬಂದು ನಿಂತಳು.

"ಯಾಕ ಹೇಳಲಿಲ್ಲ?"

"ಅವ ಕೇಳಲಿಲ್ಲ."

"ನೀವು ಯಾವಾಗ ಕೇಳೋತನಕ ಕಾಯ್ದೀರಿ?"

ಅವಳು ಚಹಾ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಆ ದಿನದಿಂದ ಅವಳು ಅವನ ಜೊತೆ ಬೇಕಾದಷ್ಟೇ ಮಾತಾಡಿದಳು. ಊಟಕ್ಕೆ ಬರ್ರಿ, ಗುಳಿಗಿ ತಗೋರಿ, ಇಷ್ಟೇ.

ಸಂಜೆಗೆ ತುಳಜಾರಾಮ ಫೋನ್ ಮಾಡಲಿಲ್ಲ. ಮರುದಿನ ಫೋನ್ ಕೈಯಲ್ಲಿ ಹಿಡಿದು ಕೂತ, ಆದರೆ ಉತ್ತಮನ ದನಿ ಕೇಳುವ ಧೈರ್ಯ ಬರಲಿಲ್ಲ. ಒಂದು ದಿನ ತಡವಾದರೆ ಕಾರಣ ಹೇಳಬಹುದು, ಹತ್ತು ದಿನ ತಡವಾದರೆ ತಡವೇ ಬೇರೊಂದು ತಪ್ಪಾಗಿ ಬೆಳೆಯುತ್ತದೆ. ಗಿರಣಿಗೆ ಬರುವುದನ್ನೂ ಬಿಟ್ಟ. ಮೋರಖಂಡಿ ಕಡೆಯವರು ಯಾರಾದರೂ ಎದುರಾದರೆ ದಾರಿ ಬದಲಿಸುತ್ತಿದ್ದ. ದಿಲೀಪ ಮಾತ್ರ, "ಅಪ್ಪಾ, ಇಷ್ಟ ದಿನ ಓಡ್ಯದ ಅಂದ್ರ ಸರಿ ಆಗ್ಯದ ಬಿಡ್ರಿ" ಎನ್ನುತ್ತಿದ್ದ. ಆ ಮಾತಿಗೆ ತಾನು ಒಳಗೊಳಗೇ ಜೋತುಬಿದ್ದದ್ದನ್ನು ನೆನೆದರೆ ಈಗಲೂ ಮೈಮೇಲೆ ಕೆಸರು ಬಿದ್ದಂತೆ ಆಗುತ್ತದೆ ಎಂದು ತುಳಜಾರಾಮ ಹೇಳುತ್ತಾನೆ.

ಆಮೇಲೆ ಉತ್ತಮನ ಫೋನೇ ಬಂತು. ರತ್ನಮಾಲಾಳನ್ನು ತಪಾಸಣೆಗೆ ಬಸವಕಲ್ಯಾಣಕ್ಕೆ ಕರೆದೊಯ್ಯುವಾಗ ಇಳಿಜಾರಿನಲ್ಲಿ ಕಾರು ಬಂದ್ ಬಿದ್ದಿತ್ತು. ಸ್ಟೇರಿಂಗ್ ತಿರುಗದೆ ರಸ್ತೆ ಬಿಟ್ಟು ತೊಗರಿ ಹೊಲದ ಬದುವಿಗೆ ಹೋಗಿ ಬಡಿದಿತ್ತು. ಮಗಳ ಹೊಟ್ಟೆಗೆ ಅಡ್ಡ ಕೈ ಇಟ್ಟ ದ್ರೌಪತಿಯ ಮುಂಗೈ ಮುರಿದಿತ್ತು. ಮಗಳಿಗೂ ಹೊಟ್ಟೆಯಲ್ಲಿರುವ ಕೂಸಿಗೂ ಏನೂ ಆಗಿರಲಿಲ್ಲ. ಇದೆಲ್ಲ ಆಗಿ ವಾರವಾಗಿತ್ತು.

"ನಿಮಗ ತಿಳದರ ಮನಸಿಗಿ ಹಚ್ಚಿಕೋತೀರಿ ಅಂತ ಹೇಳಿರಲಿಲ್ಲ ಕಾಕಾ" ಎಂದ ಉತ್ತಮ. "ಮೆಕ್ಯಾನಿಕ್ ನೋಡಿ ನೀರಾಗ ಮುಳಗಿದ್ದ ಗಾಡಿ ಅಂದ. ಹರಾಜನ್ಯಾಗ ನಿಮಗ ಮೋಸ ಮಾಡ್ಯಾರ. ಅವರನ್ನ ಬಿಡಬ್ಯಾಡ್ರಿ."

ಅವನು ತುಳಜಾರಾಮನನ್ನು ಸಂತೈಸುತ್ತಿದ್ದ. ತುಳಜಾರಾಮ ಫೋನ್ ಕೆಳಗಿಟ್ಟು, ಟ್ರಂಕಿನಲ್ಲಿದ್ದ ದುಡ್ಡು ತೆಗೆದು ಕೈಚೀಲಕ್ಕೆ ಹಾಕಿಕೊಂಡು, ಮರುದಿನ ಬೆಳಿಗ್ಗೆ ಬಸ್ಸು ಹತ್ತಿದ. ಸಸ್ತಾಪುರ ಬಂಗ್ಲಾದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಮೋರಖಂಡಿ ಮುಟ್ಟಿದ. ದಾರಿಯುದ್ದಕ್ಕೂ ಅವನು ಬೈಗುಳಕ್ಕೆ ತಯಾರಾಗುತ್ತಿದ್ದ. ಬೈಯಲಿ, ಮುಖಕ್ಕೆ ಉಗುಳಲಿ, ತಲೆ ತಗ್ಗಿಸಿ ನಿಲ್ಲುತ್ತೇನೆ ಎಂದುಕೊಂಡಿದ್ದ.

ಉತ್ತಮ ಓಡಿಬಂದು ಕುರ್ಚಿ ಹಾಕಿದ. ಒಳಗಿನಿಂದ ನೀರು ಬಂತು, ಚಹಾಕ್ಕೆ ಇಟ್ಟರು. ದ್ರೌಪತಿ ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ತುಳಜಾರಾಮ ಕೈಚೀಲವನ್ನು ಉತ್ತಮನ ಮುಂದಿಟ್ಟು, ಗಾಡಿ ತಾನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದ. ಉತ್ತಮ ಅದನ್ನು ಮುಟ್ಟಲಿಲ್ಲ.

"ನಿಮ್ಮದೇನ್ ತಪ್ಪದ ಕಾಕಾ ಇದರಾಗ? ನಿಮಗ ಗೊತ್ತಿದ್ರ ನೀವು ಹೇಳದೇ ಇರ್ತಿದ್ರೇನ? ಇದೇ ಮಾತಿಗಿ ನಾ ನಮ್ಮ ಧಮ್ಮಪಾಲನ ಸಂಗಟ ಜಗಳಾಡೀನಿ. ಮುದುಕಗ ಗೊತ್ತಿತ್ತು, ಬೇಕಂತೇ ನಿನ್ನ ಕೊರಳಿಗಿ ಕಟ್ಯಾನ ಅಂದ. ನಮ್ಮಪ್ಪನ ಕೈ ಹಿಡದವ್ರಿಗಿ ಹಂಗ ಅಂತೀ ಅಂತ ಕಪಾಳಕ್ಕ ಹೊಡದೆ. ಅಂದಿನಿಂದ ಅವ ನನ್ನ ಸಂಗಟ ಮಾತಾಡವಲ್ಲ."

ಧಮ್ಮಪಾಲ ಉತ್ತಮನ ತಮ್ಮ, ಪಕ್ಕದ ಮನೆಯಲ್ಲೇ ಇರುವವನು. ದ್ರೌಪತಿ ಅಷ್ಟು ಹೊತ್ತೂ ತುಳಜಾರಾಮನ ಮುಖವನ್ನೇ ನೋಡುತ್ತಿದ್ದಳು. ಅವಳು ಕೇಳಿದಳು.

"ಕಾಕಾ, ನಿಮಗ ಗೊತ್ತಿತ್ತೇನ್ರಿ?"

ಉತ್ತಮ ಅವಳ ಕಡೆ ಕಣ್ಣು ಬಿಟ್ಟ. ತುಳಜಾರಾಮ ಅವನನ್ನು ತಡೆದ.

"ಗೊತ್ತಿತ್ತವ್ವ. ನೀವು ಬರಾಕಿಂತ ಮೊದಲೇ ಗೊತ್ತಿತ್ತು. ನಾ ಮೋಸ ಹೋದದ್ದು ಮಂದಿಗಿ ತಿಳೀಬಾರದಂತ ಸುಮ್ಮ ಇದ್ದೆ."

ಒಳಗೆ ರತ್ನಮಾಲಾ ಚಹಾ ಸೋಸುವ ಸದ್ದು ಕೇಳಿಸುತ್ತಿತ್ತು. ಅವಳು ಕಪ್ಪು ಬಸಿಗಳನ್ನು ತಂದು ಎಲ್ಲರ ಮುಂದೆ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಧಾನಕ್ಕೆ ಒಳಗೆ ಹೋದಳು. ತುಳಜಾರಾಮನಿಗೆ ಅವಳ ಹೊಟ್ಟೆಯ ಕಡೆ ನೋಡಲಾಗಲಿಲ್ಲ. ಉತ್ತಮ ತನ್ನ ಬಲಗೈಯನ್ನು, ತಮ್ಮನನ್ನು ಹೊಡೆದ ಕೈಯನ್ನು, ಮೊಣಕಾಲ ಮೇಲೆ ಮಲಗಿಸಿ ನೋಡುತ್ತ ಕೂತ. ಆಮೇಲೆ ಎದ್ದು ಪಕ್ಕದ ಮನೆಯ ಗೋಡೆಯ ಹತ್ತಿರ ಹೋಗಿ ನಿಂತ.

"ಧಮ್ಮಪಾಲ. ಬಾ ಇಲ್ಲಿ. ನೀ ಅಂದದ್ದು ಖರೇ ಇತ್ತು."

ಧಮ್ಮಪಾಲ ಹೊರಗೆ ಬಂದ. ಅಣ್ಣನನ್ನು ನೋಡಿದ, ಕೈಚೀಲವನ್ನು ನೋಡಿದ, ತುಳಜಾರಾಮನನ್ನು ನೋಡಿದ. ವಿಷಯ ಅವನಿಗೆ ತಿಳಿಯಿತು. ಗೆದ್ದವನ ಮುಖ ಅವನದಾಗಿರಲಿಲ್ಲ. ತನ್ನ ಮಾತು ಸುಳ್ಳಾಗಲಿ ಎಂದು ಅವನೂ ಆಸೆಪಟ್ಟಿದ್ದನೇನೋ. ಉತ್ತಮ ತುಳಜಾರಾಮನ ಕಡೆ ಬೆನ್ನು ತಿರುಗಿಸಿಕೊಂಡೇ ತಮ್ಮನಿಗೆ ಹೇಳಿದ.

"ಇವರನ್ನ ಬಸ್ಸಿಗಿ ಬಿಟ್ಟ ಬಾ."

ಕಾಕಾ ಎನ್ನಲಿಲ್ಲ.

ಧಮ್ಮಪಾಲ ಮೋಟಾರ್ ಸೈಕಲ್ ತೆಗೆದ. ತುಳಜಾರಾಮ ಕೈಚೀಲವನ್ನು ಅಲ್ಲೇ ಬಿಟ್ಟು ಹಿಂದೆ ಕೂತ. ಊರ ದಾರಿ ಹದಗೆಟ್ಟಿತ್ತು. ಗುಂಡಿಗಳ ಹತ್ತಿರ ಧಮ್ಮಪಾಲ ಮುದುಕನಿಗೆ ಕುಲುಕಾಗದಂತೆ ನಿಧಾನ ಮಾಡುತ್ತಿದ್ದ. ಬಸ್ ನಿಲ್ಲುವ ಜಾಗ ಬಂದಾಗ ತುಳಜಾರಾಮ ಇಳಿದು, ಅವನ ಎದುರು ಬಂದು ನಿಂತ.

"ತಮ್ಮಾ, ಏನರ ಅನ್ನು. ಬೈಯಿ."

ಧಮ್ಮಪಾಲ ಗಾಡಿ ಬಂದ್ ಮಾಡಲಿಲ್ಲ.

"ಬೈದರ ನಿಮಗ ಹಗುರ ಆಗ್ತದ್ರಿ" ಎಂದು ಹೇಳಿ, ಗಾಡಿ ತಿರುಗಿಸಿಕೊಂಡು ಊರ ಕಡೆ ಹೋದ.